ಹಿರಿಯರ ನೆನಪೂ ನಾಡಿನ ಚರಿತ್ರೆಯೂ

ಚರಿತ್ರೆಯೆಂದೊಡನೆ ನಮ್ಮ ವಿದ್ಯಾವಂತರ ಮನಸ್ಸಿಗೆ ಬರುವುದು ಶಾಸನ, ತಾಮ್ರಪಟ, ನಾಣ್ಯ, ಸರ್ಕಾರದ ದಫ್ತರ, ಪರದೇಶದ ಪ್ರವಾಸಿಗಳ ಬರಹ ಇವೇ ಮೊದಲಾದವು. ಇವುಗಳ ಬೆಲೆಯನ್ನು ಕುರಿತು ಎರಡು ಮಾತಿಲ್ಲ. ಆದರೆ ಇವುಗಳ ಜೊತೆಗೆ ಬಹುಮಟ್ಟಿಗೆ ಪ್ರತಿಯೊಂದು ಮನೆಯಲ್ಲಿಯೂ ಇರುವ, ಕೇಳಿದರೆ ಬಾಯಿ ತೆರೆದು ಉತ್ತರ ಹೇಳಬಲ್ಲ ಇನ್ನೊಂದು ಆಧಾರವುಂಟು. ಅದು ಮನೆಯ ಹಿರಿಯರ ನೆನಪು. "ನಾನು ಚಿಕ್ಕವಳಾಗಿದ್ದಾಗ" ಎಂದೋ, "ನಮ್ಮ ತಂದೆಯವರ ಕಾಲದಲ್ಲಿ" ಎಂದೋ ಆರಂಭವಾಗುವ ಆ ಸಣ್ಣ ಸಣ್ಣ ಕಥೆಗಳನ್ನು ಹೊತ್ತು ಕಳೆಯುವ ಮಾತೆಂದು ಭಾವಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಅವುಗಳಿಗೆ ಚರಿತ್ರೆಯಲ್ಲಿ ಎಂತಹ ಸ್ಥಾನವುಂಟು, ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು, ಕೇಳದೆ ಬಿಟ್ಟರೆ ಆಗುವ ನಷ್ಟವೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಮೊದಲು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಳೆಯ ಮೈಸೂರು ಸೀಮೆಯ ವೃದ್ಧರು ತಮ್ಮ ವಯಸ್ಸನ್ನು ಇಸವಿಯಿಂದ ಎಣಿಸುತ್ತಿರಲಿಲ್ಲ. "ಧಾತು ಈಶ್ವರದ ಬರದಲ್ಲಿ ನಾನು ಹಾಲು ಕುಡಿಯುವ ಕೂಸು", "ಆ ಬರದ ಮುಂದಿನ ವರುಷ ನನ್ನ ಮದುವೆಯಾಯಿತು" ಎಂಬುದು ಅವರ ಲೆಕ್ಕ. ಧಾತು ಸಂವತ್ಸರವೆಂದರೆ 1876–77, ಈಶ್ವರವೆಂದರೆ 1877–78. ಮಳೆ ಒಂದರ ಮೇಲೊಂದು ವರ್ಷ ತಪ್ಪಿ, ಕೆರೆಕಟ್ಟೆಗಳು ಬತ್ತಿ, ಧಾನ್ಯದ ಬೆಲೆ ಬಡವನ ಕೈಗೆ ನಿಲುಕದಂತೆ ಏರಿದ ಕಾಲ ಅದು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರವಿದ್ದಿತು. 1881ರ ಗಣತಿಯಲ್ಲಿ ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಸಹಜವಾಗಿ ಆಗಬೇಕಾಗಿದ್ದ ವೃದ್ಧಿ ಹಾಗಿರಲಿ, ಇದ್ದ ಜನರಲ್ಲಿಯೇ 8 ಲಕ್ಷ 69 ಸಾವಿರ ಮಂದಿ ಕಡಮೆಯಾದರು. ಸರ್ಕಾರದ ದಫ್ತರ ನಮಗೆ ತಿಳಿಸುವುದು ಇಷ್ಟನ್ನು. ಇದು ನಿಜ, ಇದಿಲ್ಲದೆ ಆ ಕಾಲದ ಚರಿತ್ರೆಯನ್ನು ಬರೆಯಲಾಗದು.

ಆದರೆ ಎಂಟು ಲಕ್ಷವೆಂಬ ಸಂಖ್ಯೆಯನ್ನು ಯಾರೂ ಅನುಭವಿಸಿ ಕಂಡವರಲ್ಲ. ಜನ ಕಂಡದ್ದು ಬೀಗ ಬಿದ್ದ ಪಕ್ಕದ ಮನೆಯನ್ನು, ಬೀಜಕ್ಕೆಂದು ಕಟ್ಟಿಟ್ಟ ರಾಗಿಯನ್ನೂ ಬಿಚ್ಚಬೇಕಾದ ರಾತ್ರಿಯನ್ನು, ಗಂಜಿ ಹೊಯ್ಯುವ ಕಡೆಗೆ ನಡೆದು ಹೋದವರಲ್ಲಿ ಹಿಂದಿರುಗದೆ ಉಳಿದವರನ್ನು. ಅನ್ನದ ಅಗುಳು ನೆಲಕ್ಕೆ ಬಿದ್ದರೆ ಆರಿಸಿ ತಿನ್ನಿಸುತ್ತಿದ್ದ ಅಜ್ಜಿಯರ ಗದರಿಕೆಯಲ್ಲಿ ಆ ಬರ ಇನ್ನೂ ಎರಡು ತಲೆಮಾರು ಬಾಳಿತು. ಬರಗಾಲ ಪೀಡಿತರಿಗೆ ಕೂಲಿ ಒದಗಿಸುವುದಕ್ಕಾಗಿ ಬೆಂಗಳೂರು ಮೈಸೂರು ರೈಲುದಾರಿಯ ಮಣ್ಣಿನ ಕೆಲಸ ಆರಂಭವಾಯಿತೆಂದು ಪುಸ್ತಕಗಳಲ್ಲಿ ಓದುತ್ತೇವೆ. ಆ ಮಣ್ಣನ್ನು ತಲೆಯ ಮೇಲೆ ಹೊತ್ತವರಿಗೆ ಆ ದಾರಿ ಏನಾಗಿ ಕಂಡಿತೆಂಬುದನ್ನು ಹೊತ್ತವರೇ ಹೇಳಬೇಕು.

ಇಲ್ಲಿ ಕಾಲವನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಉಚಿತ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದ್ದು 1935ರಲ್ಲಿ. ಈಶ್ವರ ಸಂವತ್ಸರದಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಆಗ ಅರವತ್ತೆಂಟು. ಅಂತಹ ಹಿರಿಯರು ಆ ದಿನ ಎಷ್ಟೋ ಮನೆಗಳಲ್ಲಿ ಇದ್ದಿರಬೇಕು. ಇಂದು ಒಬ್ಬರೂ ಇಲ್ಲ. ಅವರನ್ನು ಕೂರಿಸಿಕೊಂಡು ಕೇಳಿದವರ, ಕೇಳಿದ್ದನ್ನು ಬರೆದಿಟ್ಟವರ ಮೂಲಕ ಉಳಿದಷ್ಟೇ ನಮಗೆ ಉಳಿದದ್ದು. ದಫ್ತರವು ಕಪಾಟಿನಲ್ಲಿ ನೂರು ವರ್ಷ ಕಾಯಬಲ್ಲುದು. ಮನುಷ್ಯನ ನೆನಪು ಹಾಗೆ ಕಾಯಲಾರದು.

ಹಿರಿಯರನ್ನು ಕೇಳಿ ಬರೆಯುವ ಕ್ರಮ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಟೀಪೂಸುಲ್ತಾನನ ಪತನವಾದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಕರ್ನಲ್ ಕಾಲಿನ್ ಮೆಕೆಂಜಿಯು ತನ್ನ ದೇಶೀಯ ಸಹಾಯಕರ ಮೂಲಕ ಊರೂರಿನ ಶಾನುಭೋಗರಿಂದಲೂ ವೃದ್ಧರಿಂದಲೂ ಸ್ಥಳವೃತ್ತಾಂತಗಳನ್ನು ಬರೆಯಿಸಿ ಸಂಗ್ರಹಿಸಿದನು. ಕೈಫಿಯತ್ತುಗಳೆಂದು ಹೆಸರಾದ ಆ ಬರಹಗಳನ್ನು ಇಂದಿಗೂ ಚರಿತ್ರಕಾರರು ನೋಡುತ್ತಾರೆ. ಇವುಗಳಲ್ಲಿ ಕಂದಾಯದ ಲೆಕ್ಕವೂ ದೇವರ ಮಹಿಮೆಯೂ ಒಂದೇ ಉಸಿರಿನಲ್ಲಿ ಬರುತ್ತವೆ. ಪಶ್ಚಿಮದ ವಿಶ್ವವಿದ್ಯಾನಿಲಯಗಳು ಈ ಕೆಲಸವನ್ನು ಕ್ರಮಬದ್ಧವಾಗಿ ಕೈಗೊಂಡದ್ದು ಬಹಳ ತಡವಾಗಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಆಲನ್ ನೆವಿನ್ಸ್ ಎಂಬ ಚರಿತ್ರಕಾರರು ಬಾಯ್ದೆರೆ ಚರಿತ್ರೆಗಾಗಿ ಒಂದು ಪ್ರತ್ಯೇಕ ಏರ್ಪಾಟನ್ನು ಮಾಡಿದ್ದು 1948ರಲ್ಲಿ.

ಇನ್ನು ನಂಬಿಕೆಯ ಪ್ರಶ್ನೆ. ನೆನಪು ತಪ್ಪುತ್ತದೆಯಲ್ಲವೆ ಎಂದು ಯಾರಾದರೂ ಕೇಳಬಹುದು. ಅವಶ್ಯವಾಗಿ ತಪ್ಪುತ್ತದೆ. ಕೇಂಬ್ರಿಜ್ಜಿನ ಎಫ್. ಸಿ. ಬಾರ್ಟ್‌ಲೆಟ್ ಎಂಬ ಮನಶ್ಶಾಸ್ತ್ರಜ್ಞರು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಆಂಗ್ಲರಿಗೆ ಓದಿಸಿ, ಕಾಲಾಂತರದಲ್ಲಿ ಮತ್ತೆ ಮತ್ತೆ ಅದನ್ನು ಬರೆಯಿಸಿದರು. ಕಥೆಯಲ್ಲಿ ಯುವಕರು ಕಡಲಪ್ರಾಣಿಯಾದ ಸೀಲನ್ನು ಬೇಟೆಯಾಡಲು ಹೋಗಿದ್ದರೆ, ಹೇಳುವವರ ನೆನಪಿನಲ್ಲಿ ಅದು ಮೀನು ಹಿಡಿಯುವುದಾಯಿತು. ಅವರ ತೋಡುದೋಣಿ ಸಾಧಾರಣ ದೋಣಿಯಾಯಿತು. ಅಪರಿಚಿತವಾದದ್ದನ್ನು ಮನಸ್ಸು ತನಗೆ ಪರಿಚಿತವಾದ ಅಚ್ಚಿನಲ್ಲಿ ಎರೆದುಕೊಳ್ಳುತ್ತದೆ. ನೆನೆಯುವುದೆಂದರೆ ಪೆಟ್ಟಿಗೆಯಿಂದ ಒಡವೆ ತೆಗೆದಂತಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವ ಕೆಲಸ ಎಂಬುದು ಅವರ ಸಿದ್ಧಾಂತದ ಸಾರ. ನಮ್ಮ ಸಂವತ್ಸರಗಳ ಲೆಕ್ಕದಲ್ಲಿ ಬೇರೊಂದು ತೊಡಕೂ ಉಂಟು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ, ಅಜ್ಜ ಹೇಳಿದ ಧಾತು 1876ರದೋ 1936ರದೋ ಎಂಬುದನ್ನು ಬೇರೆ ಸಾಕ್ಷ್ಯದಿಂದ ಗೊತ್ತುಮಾಡಿಕೊಳ್ಳಬೇಕಾಗುತ್ತದೆ.

ಹಾಗೆಂದು ದಫ್ತರವು ಸತ್ಯದ ಏಕಮಾತ್ರ ನಿಧಿಯೆಂದು ಹೇಳಬಹುದೆ? 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಎಷ್ಟು ಮಂದಿ ಮಡಿದರೆಂಬ ವಿಷಯದಲ್ಲಿ ಸರ್ಕಾರದ ಸಂಖ್ಯೆಗೂ ಜನರು ಹೇಳುತ್ತ ಬಂದ ಸಂಖ್ಯೆಗೂ ಹೊಂದಿಕೆಯಾಗಲಿಲ್ಲ. ದಾಖಲೆಯನ್ನು ಬರೆದವನಿಗೂ ಒಂದು ಪಕ್ಷವುಂಟು, ಒಂದು ಭಯವುಂಟು, ಮೇಲಧಿಕಾರಿಯ ಕಣ್ಣುಂಟು. ಆದಕಾರಣ ಚರಿತ್ರಕಾರನು ಎರಡನ್ನೂ ಸಂದೇಹಿಸಬೇಕು, ಎರಡನ್ನೂ ಕೇಳಬೇಕು. ತಿಥಿ, ಸಂಖ್ಯೆ, ಹೆಸರು ಇವುಗಳಲ್ಲಿ ಸಾಮಾನ್ಯವಾಗಿ ಕಾಗದವೇ ಮೇಲು. ಹಸಿವು, ಅಂಜಿಕೆ, ನಾಚಿಕೆ, ಸಂತೋಷ, ಊರಿನಲ್ಲಿ ಯಾರು ಯಾರ ಮನೆಯ ಬಾಗಿಲಲ್ಲಿ ನಿಲ್ಲಬೇಕಾಗಿತ್ತು ಎಂಬಂತಹ ಸಂಗತಿಗಳಲ್ಲಿ ನೆನಪೇ ಮೇಲು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ದಿನಾಂಕವನ್ನು ಕಾಗದದಿಂದ ತಿಳಿಯಬಹುದು. ಮನೆಯನ್ನು ತೊರೆದು ಊರಾಚೆಯ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಸಂಸಾರ ಮಾಡಿದ ಬಗೆಯನ್ನು, ಆ ರೋಗವನ್ನೇ ಪ್ಲೇಗಮ್ಮನೆಂದು ಕರೆದು ಕೈಮುಗಿದ ಮನಸ್ಸನ್ನು ತಿಳಿಯಲು ಮನೆಯ ಮಾತೇ ಬೇಕು.

ನಮ್ಮ ಸಾಹಿತ್ಯವು ಈ ತತ್ತ್ವವನ್ನು ಚರಿತ್ರಕಾರರಿಗಿಂತ ಮುಂಚೆಯೇ ಅರಿತಿದ್ದಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ "ಕೆಲವು ಸಣ್ಣ ಕಥೆಗಳು" 1920ರಲ್ಲಿ ಪ್ರಕಟವಾಯಿತು. ಅಂದಿನಿಂದ ಅವರ ಕಥೆಗಳಲ್ಲಿ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಆಲಿಸುತ್ತಾರೆ. "ಮೊಸರಿನ ಮಂಗಮ್ಮ"ನು ಮೊಸರು ಹಾಕಲು ಬಂದ ಮನೆಯ ಗೃಹಿಣಿಯೊಡನೆ ಸೊಸೆಯ ಜಗಳವನ್ನೂ ತನ್ನ ಬಾಳಿನ ಹಿಂದುಮುಂದನ್ನೂ ಹೇಳಿಕೊಳ್ಳುತ್ತಾಳೆ. ಇದು ಕಲ್ಪಿತ ಕಥೆಯೇ ಹೌದು. ಆದರೂ ಬಾಳಿನ ಭಾರ ನಾಲ್ಕು ಮಾತಿನಲ್ಲಿ ಹೊರಗೆ ಬರುವ ರೀತಿಯನ್ನು ಮಾಸ್ತಿಯವರು ಕಿವಿಗೊಟ್ಟು ಕೇಳಿದ್ದರು. ಅವರೇ ತಮ್ಮ ಇಳಿವಯಸ್ಸಿನಲ್ಲಿ "ಭಾವ"ವೆಂಬ ಹೆಸರಿನಿಂದ ಮೂರು ಸಂಪುಟಗಳ ಆತ್ಮಕಥೆಯನ್ನು ಬರೆದರು. ಡಿ. ವಿ. ಗುಂಡಪ್ಪನವರ "ಜ್ಞಾಪಕ ಚಿತ್ರಶಾಲೆ"ಯ ಎಂಟು ಸಂಪುಟಗಳಲ್ಲಿ ದಿವಾನರೂ ವೈದಿಕರೂ ಗಾಯಕರೂ ಸಾಧಾರಣ ಗೃಹಸ್ಥರೂ ಒಂದೇ ಚಾವಡಿಯಲ್ಲಿ ಕುಳಿತಂತೆ ಕಾಣಿಸಿಕೊಳ್ಳುತ್ತಾರೆ. ಅಮಲ್ದಾರರಾಗಿ ತಾಲ್ಲೂಕುಗಳನ್ನು ಸುತ್ತಿದ ನವರತ್ನ ರಾಮರಾಯರು "ಕೆಲವು ನೆನಪುಗಳು" ಬರೆದರು. ಎಂ. ಆರ್. ಶ್ರೀನಿವಾಸಮೂರ್ತಿಗಳ "ರಂಗಣ್ಣನ ಕನಸಿನ ದಿನಗಳು" ಕಾದಂಬರಿಯ ವೇಷದಲ್ಲಿದ್ದರೂ, ಹಳ್ಳಿಯ ಶಾಲೆಗಳು ಹೇಗಿದ್ದುವೆಂಬುದನ್ನು ಅದರಷ್ಟು ಸ್ಪಷ್ಟವಾಗಿ ಇಲಾಖೆಯ ವರದಿ ಹೇಳಲಾರದು. ಈ ಗ್ರಂಥಗಳಲ್ಲಿ ಒಂದು ಸಮಾನಗುಣವನ್ನು ಕಾಣಬಹುದು. ಇವೆಲ್ಲವೂ ಬಿಡಿಬಿಡಿಯಾದ ಸಣ್ಣ ಪ್ರಸಂಗಗಳಲ್ಲಿ ನಡೆಯುತ್ತವೆ. ನೆನಪಿನ ಸಹಜವಾದ ಅಳತೆಯೇ ಅದು. ಯಾರೂ ತಮ್ಮ ಬಾಳನ್ನು ಅಧ್ಯಾಯಗಳಾಗಿ ನೆನೆಯುವುದಿಲ್ಲ.

ಆದರೆ ಇವರೆಲ್ಲರೂ ವಿದ್ಯಾವಂತ ಪುರುಷರು, ಹಲವರು ಅಧಿಕಾರ ನಡೆಸಿದವರು ಎಂಬುದನ್ನು ಮರೆಯಕೂಡದು. ಲೇಖನಿ ಹಿಡಿದವರ ನೆನಪು ಉಳಿಯಿತು. ಅಮಲ್ದಾರರ ಸವಾರಿ ಬಂದಾಗ ಗಾಡಿ ಹೊಡೆದವನ ನೆನಪೆಲ್ಲಿ? ದಿವಾನರ ಮನೆಯಲ್ಲಿ ಅಡಿಗೆಮಾಡಿದ ವಿಧವೆಯ ನೆನಪೆಲ್ಲಿ? ಕನ್ನಂಬಾಡಿಯ ಕಟ್ಟೆಯ ಕಾಮಗಾರಿ 1911ರಲ್ಲಿ ಆರಂಭವಾಗಿ 1931ರಲ್ಲಿ ಮುಗಿಯಿತು. ಕಲ್ಲೆಷ್ಟು, ಗಾರೆಯೆಷ್ಟು, ಹಣವೆಷ್ಟು ಎಂಬುದಕ್ಕೆಲ್ಲ ಲೆಕ್ಕವುಂಟು. ನೀರಿನಲ್ಲಿ ಮುಳುಗಿದ ಊರುಗಳಿಂದ ಮೂಟೆ ಕಟ್ಟಿಕೊಂಡು ಎದ್ದವರು ಹಿಂತಿರುಗಿ ನೋಡಿದಾಗ ಏನನ್ನು ಕಂಡರೆಂಬುದಕ್ಕೆ ಲೆಕ್ಕವಿಲ್ಲ. ಅಕ್ಷರ ಬಾರದವರ ಚರಿತ್ರೆಗೆ ಅವರ ಬಾಯಿ ಮಾತಲ್ಲದೆ ಬೇರೆ ಭಂಡಾರವಿಲ್ಲ. ನೆನಪಿನ ಸಂಗ್ರಹ ಬರಿಯ ಹವ್ಯಾಸವಾಗದೆ ನ್ಯಾಯದ ಪ್ರಶ್ನೆಯಾಗುವುದು ಈ ಎಡೆಯಲ್ಲಿ.

ಹೇಳುವವರಿಗೆ ಇದರಿಂದ ಪ್ರಯೋಜನವೇನೆಂದೂ ಕೇಳಬಹುದು. ಮುದುಕರು ಹಳೆಯದನ್ನೇ ಆಡುವುದು ಬುದ್ಧಿ ಮಂಕಾಗುತ್ತಿರುವ ಕುರುಹೆಂದು ಬಹುಕಾಲ ವೈದ್ಯರೂ ಎಣಿಸಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರ ಒಂದು ಲೇಖನದಲ್ಲಿ ಈ ಅಭಿಪ್ರಾಯವನ್ನು ಎದುರಿಸಿ, ಕೊನೆಯ ಕಾಲದಲ್ಲಿ ಮನುಷ್ಯನು ತನ್ನ ಬಾಳನ್ನು ತಿರುಗಿ ನೋಡಿ ತೂಗುವುದು ಸಹಜವಾದ, ಅವಶ್ಯವಾದ ವ್ಯಾಪಾರವೆಂದು ವಾದಿಸಿದರು. ಅಜ್ಜಿ ಅದೇ ಕಥೆಯನ್ನು ಹತ್ತನೆಯ ಸಲ ಹೇಳುವಾಗ ಅದರಲ್ಲಿ ತೀರದ ಲೆಕ್ಕವೊಂದು ಉಳಿದಿದೆಯೆಂದು ತಿಳಿಯಬೇಕು. ಕೇಳುವವರು ದೊರೆತರೆ ಆ ಲೆಕ್ಕ ಒಮ್ಮೊಮ್ಮೆ ತೀರುವುದೂ ಉಂಟು.

ಪ್ರಕೃತ ನಾವು ಮಾಡಬೇಕಾದದ್ದೇನು? ನೆನಪನ್ನು ಅಭ್ಯಾಸಮಾಡಿದ ಪಂಡಿತರು ಇನ್ನೊಂದು ವಿಷಯವನ್ನು ಕಂಡುಕೊಂಡಿದ್ದಾರೆ. ವೃದ್ಧರಲ್ಲಿ ಅತ್ಯಂತ ದಟ್ಟವಾಗಿ ಉಳಿಯುವುದು ಸುಮಾರು ಹತ್ತನೆಯ ವಯಸ್ಸಿನಿಂದ ಮೂವತ್ತರವರೆಗಿನ ಸಂಗತಿಗಳು. ಈಗ ಎಂಬತ್ತೈದರ ಆಸುಪಾಸಿನಲ್ಲಿರುವವರಿಗೆ ಅದು 1950ರಿಂದ 1970ರವರೆಗಿನ ಕಾಲವಾಗುತ್ತದೆ. ಅವರನ್ನು ಆ ಕಾಲವನ್ನೇ ಕುರಿತು ಕೇಳಬೇಕು. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದಾಗ ನಿಮ್ಮ ಊರಿನಲ್ಲಿ ಏನು ನಡೆಯಿತು? 1957ರಲ್ಲಿ ನಯಾಪೈಸೆ ಬಂದಾಗ ಸಂತೆಯಲ್ಲಿ ಆಣೆಯ ಲೆಕ್ಕವನ್ನು ಹೇಗೆ ಹೊಂದಿಸಿಕೊಂಡಿರಿ? ನ್ಯಾಯಬೆಲೆಯ ಅಂಗಡಿಗೆ ಬಂದ ಅಮೆರಿಕದ ಗೋಧಿಯನ್ನು ಮನೆಯಲ್ಲಿ ಏನು ಮಾಡಿ ಉಂಡಿರಿ? ಇಂಡಾಫ್ ರಾಗಿಯನ್ನು ಮೊದಲ ಸಲ ಬಿತ್ತಿದಾಗ ನೆರೆಹೊಲದವರು ಏನೆಂದರು? "ಸ್ವಾತಂತ್ರ್ಯದ ಚರಿತ್ರೆಯನ್ನು ಹೇಳಿ" ಎಂದು ಕೇಳಿದರೆ ಹಿರಿಯರು ಪಠ್ಯಪುಸ್ತಕವನ್ನು ಒಪ್ಪಿಸುತ್ತಾರೆ. ಸೇರು, ಪಾವು, ಕಂದೀಲು, ಬಾವಿಯ ಹಗ್ಗ ಇಂತಹ ವಸ್ತುವೊಂದನ್ನು ಹಿಡಿದು ಕೇಳಿದರೆ ತಮ್ಮ ಬಾಳನ್ನು ಹೇಳುತ್ತಾರೆ.

ಕೇಳುವವರಿಗೂ ಕೆಲವು ನಿಯಮಗಳುಂಟು. ನಡುವೆ ಬಾಯಿ ಹಾಕಿ ಇಸವಿಯನ್ನು ತಿದ್ದಬಾರದು. ಅದನ್ನು ಆಮೇಲೆ ಸರಿನೋಡಬಹುದು. ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆಯಬೇಕು, ನಮ್ಮ ಗ್ರಾಂಥಿಕ ಭಾಷೆಗೆ ತಿರುಗಿಸಬಾರದು. ಒಂದೇ ಸಂಗತಿಯನ್ನು ಇಬ್ಬರು ಬೇರೆಬೇರೆಯಾಗಿ ಹೇಳಿದರೆ ಎರಡನ್ನೂ ಉಳಿಸಬೇಕು. ಹೇಳಲು ಇಷ್ಟವಿಲ್ಲದ್ದನ್ನು ಒತ್ತಿ ಕೇಳಬಾರದು. ಮರೆಯುವುದಕ್ಕೂ ಮನುಷ್ಯನಿಗೆ ಹಕ್ಕುಂಟು. ಬರೆದದ್ದರ ಕೆಳಗೆ ಹೇಳಿದವರ ವಯಸ್ಸು, ಊರು, ಕೇಳಿದ ದಿನ ಇಷ್ಟನ್ನು ಗುರುತಿಸಿದರೆ ಸಾಕು, ಅದು ಮುಂದಿನ ಚರಿತ್ರಕಾರನಿಗೆ ಆಧಾರವಾಗುತ್ತದೆ. ಇದಕ್ಕೆ ವಿದ್ವತ್ತಾಗಲಿ ಧನವಾಗಲಿ ಬೇಕಾಗಿಲ್ಲ. ವಾರಕ್ಕೊಂದು ಸಂಜೆ, ಒಂದು ನೋಟ್ ಬುಕ್ಕು, ಸ್ವಲ್ಪ ತಾಳ್ಮೆ ಇವಿಷ್ಟೇ ಬೇಕಾದದ್ದು.

ಧಾತು ಈಶ್ವರವನ್ನು ಕಂಡವರ ಹತ್ತಿರ ನಾವು ಇನ್ನು ಹೋಗಲಾರೆವು. ಆಣೆಯ ಲೆಕ್ಕದಲ್ಲಿ ಸಂಸಾರ ತೂಗಿಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ.