ಎರಡು ಆಯಾಮದ ಅರೇ ಎಂದರೇನು? ಸಿರಿಭೂವಲಯದ ಚಕ್ರವನ್ನು ಪೈಥಾನ್‌ನಲ್ಲಿ ಓದುವುದು ಹೇಗೆ?

ನವಿ ಮುಂಬೈನ ಕಾಮೋಠೆಗೆ ನೆಂಟರ ಮನೆ ಹುಡುಕಿಕೊಂಡು ಬಂದವರಿಗೆ ಸೆಕ್ಟರ್, ಪ್ಲಾಟ್ ಸಿಕ್ಕ ಮೇಲೆ ಉಳಿಯುವುದು ಫ್ಲ್ಯಾಟ್ ನಂಬರ್. 302 ಎಂದರೆ ಸಾಮಾನ್ಯವಾಗಿ ಮೂರನೇ ಮಹಡಿ, ಎರಡನೇ ಮನೆ. ಎರಡು ಆಯಾಮದ ಅರೇ ಕೂಡ ಇಷ್ಟೇ. ಮೊದಲ ಸಂಖ್ಯೆ ಸಾಲು, ಎರಡನೆಯದು ಕಾಲಂ. ಆದರೆ ಲಿಫ್ಟ್‌ನಲ್ಲಿ ನೆಲಮಹಡಿಗೆ 0 ಎಂದು ಬರೆದಿರುವಂತೆ ಇಲ್ಲಿ ಸಾಲು, ಕಾಲಂ ಎರಡರ ಎಣಿಕೆಯೂ 0ಯಿಂದಲೇ ಶುರು.

ಅರೇ ಮಾಡುವುದು ಸುಲಭ, ಅದರೊಳಗೆ ದಾರಿ ತಪ್ಪದೆ ನಡೆಯುವುದೇ ಕಷ್ಟ. ಇದಕ್ಕೆ ಕನ್ನಡದಲ್ಲೇ ಒಂದು ಅಪರೂಪದ ಉದಾಹರಣೆ ಇದೆ. ಅದೇ ಕುಮುದೇಂದು ಮುನಿಯ 'ಸಿರಿಭೂವಲಯ'.

ಅಕ್ಷರವಿಲ್ಲದ ಕಾವ್ಯ

ಯಲ್ಲಪ್ಪ ಶಾಸ್ತ್ರಿಗಳ ಬಳಿಯಿದ್ದ ಈ ಕೃತಿ ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ 1953ರಲ್ಲಿ ಅಚ್ಚಾಯಿತು. ಇದರಲ್ಲಿ ಅಕ್ಷರಗಳಿಲ್ಲ, ಅಂಕಿಗಳಿವೆ. ಒಂದು ಚಕ್ರಕ್ಕೆ 27 ಸಾಲು, 27 ಕಾಲಂ, ಅಂದರೆ 729 ಮನೆ. ಪ್ರತಿ ಮನೆಯಲ್ಲಿ 1ರಿಂದ 64ರೊಳಗಿನ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಂದು ಅಕ್ಷರ. 1 ಎಂದರೆ 'ಅ'. ಎಡದಿಂದ ಬಲಕ್ಕೆ ಓದಿದರೆ ಏನೂ ಅರ್ಥವಾಗದು. ಓದುವ ದಾರಿಗೆ 'ಬಂಧ' ಎಂದು ಹೆಸರು.

ಒಂದು ದಾರಿ ಹೀಗಿದೆ: ಮೇಲಿನ ಸಾಲಿನ ನಟ್ಟನಡುವಿನ ಮನೆಯಿಂದ ಹೊರಟು ಓರೆಯಾಗಿ ಮೇಲಕ್ಕೆ, ಬಲಕ್ಕೆ ಸಾಗಬೇಕು. ಅಂಚು ದಾಟಿದರೆ ಎದುರಿನ ಅಂಚಿನಿಂದ ಒಳಬರಬೇಕು. ಮೊದಲೇ ಓದಿದ ಮನೆ ಅಡ್ಡ ಬಂದರೆ ನಿಂತಲ್ಲಿಂದ ಒಂದು ಮನೆ ಕೆಳಗಿಳಿಯಬೇಕು. ಮಾಯಾಚೌಕ ತುಂಬಿದವರಿಗೆ ಇದು ಹೊಸದಲ್ಲ.

ಅಂಚಿನಲ್ಲಿ ಎಚ್ಚರ

ಪೈಥಾನ್ 3ರಲ್ಲಿ ವೇರಿಯಬಲ್ ಹೆಸರು ಕನ್ನಡದಲ್ಲೇ ಇರಬಹುದು. ಹೊರಡುವ ಮನೆ ಚಕ್ರ[0][13]. ಮುಂದಿನ ಹೆಜ್ಜೆ:

ಸಾಲು = (ಸಾಲು - 1) % 27
ಕಾಲಂ = (ಕಾಲಂ + 1) % 27

% ಚಿಹ್ನೆ ಭಾಗಿಸಿದಾಗ ಉಳಿಯುವ ಶೇಷವನ್ನು ಕೊಡುತ್ತದೆ. ಹಾಗಾಗಿ ಎರಡನೇ ಮನೆ ಚಕ್ರ[26][14]. % ಬಿಟ್ಟರೂ ಮೊದಲಿಗೆ ತಪ್ಪು ಕಾಣದು, ಏಕೆಂದರೆ ಪೈಥಾನ್‌ನಲ್ಲಿ -1 ಎಂದರೆ ಕೊನೆಯ ಸಾಲು. ಬಲ ಅಂಚಿನಲ್ಲಿ ಕಾಲಂ 27 ಆದಾಗ ಮಾತ್ರ ಎರರ್ ಬರುತ್ತದೆ. ಸಿ ಮತ್ತು ಜಾವಾದಲ್ಲಿ -1 % 27 ಉತ್ತರ -1 ಆಗಿಯೇ ಉಳಿಯುವುದರಿಂದ ಅಲ್ಲಿ (ಸಾಲು + 26) % 27 ಎಂದು ಬರೆಯಬೇಕು.

ಕಣ್ಣಿಗೆ ಕಾಣದ ತಪ್ಪು

ಓದಿದ ಮನೆಗಳನ್ನು ಗುರುತಿಸಲು ಅಷ್ಟೇ ದೊಡ್ಡ ಇನ್ನೊಂದು ಅರೇ ಬೇಕು. ಹೊಸಬರು ಬರೆಯುವುದು ಹೀಗೆ:

ಓದಿದ್ದು = [[0] * 27] * 27

ನೋಡಲು 27 ಸಾಲು. ನಿಜದಲ್ಲಿ ಇರುವುದು ಒಂದೇ ಸಾಲು, ಅದಕ್ಕೆ 27 ಹೆಸರು! ಓದಿದ್ದು[0][13] = 1 ಎಂದರೆ 13ನೇ ಕಾಲಂ ಪೂರ್ತಿ 1 ಆಗುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ದೂರುವುದೂ ಇಲ್ಲ. ಮೊದಲ 27 ಅಕ್ಷರಗಳು ಸರಿಯಾಗಿಯೇ ಬರುತ್ತವೆ. ಅಷ್ಟರಲ್ಲಿ ಎಲ್ಲ ಕಾಲಂಗಳೂ 'ಓದಿದವು' ಆಗಿರುತ್ತವೆ. ಆಮೇಲೆ ಓದು 12ನೇ ಕಾಲಂನಲ್ಲೇ ಕೆಳಗಿಳಿಯುತ್ತ ಸುತ್ತುತ್ತದೆ. ಮೊದಲ ಪದಗಳು ಓದಲು ಸಿಕ್ಕಿದ್ದರಿಂದ ದೋಷ ಪುಸ್ತಕದ್ದೇ ಎಂದು ಭಾವಿಸುವ ಅಪಾಯವೂ ಉಂಟು. ಲೂಪ್‌ನೊಳಗೆ ಪ್ರತಿ ಬಾರಿ ಹೊಸ [0] * 27 ಮಾಡಿ ಸೇರಿಸುವುದೇ ಪರಿಹಾರ.

ಸಿರಿಭೂವಲಯ 9ನೇ ಶತಮಾನದ್ದು, ಅದರಲ್ಲಿ 718 ಭಾಷೆಗಳಿವೆ ಎಂಬ ಮಾತುಗಳು ಪ್ರಚಾರದಲ್ಲಿವೆ. ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದನ್ನು ಅರೇ ತೀರ್ಮಾನಿಸಲಾರದು. ಆದರೆ ಒಂದು ಚಕ್ರದಿಂದ ನಿಜಕ್ಕೂ ಯಾವ ಅಕ್ಷರಗಳು ಹೊರಡುತ್ತವೆ ಎಂಬುದನ್ನು ಲ್ಯಾಪ್‌ಟಾಪ್ ಇರುವ ಯಾರು ಬೇಕಾದರೂ ಪರೀಕ್ಷಿಸಬಹುದು. ನಡೆದ ದಾರಿ ಸರಿಯಿದ್ದರೆ 27ನೇ ಅಕ್ಷರ ಚಕ್ರ[1][12]ರಲ್ಲಿ, 28ನೆಯದು ಅದರ ಕೆಳಗಿನ ಚಕ್ರ[2][12]ರಲ್ಲಿ ಸಿಗುತ್ತದೆ. 729ನೆಯದು ಕೆಳಸಾಲಿನ ನಡುಮನೆ, ಚಕ್ರ[26][13].