ಗಡುವಿಗೆ ಮುನ್ನ ಋಣಮುಕ್ತಿ

ಸಾಲವನ್ನು ವಾಯಿದೆಯ ದಿನ ತೀರಿಸುವುದು ಧರ್ಮ. ಅದಕ್ಕೆ ಮುಂಚೆಯೇ ತೀರಿಸುವುದು ವಿವೇಕ. ಗೃಹಸ್ಥನಿಗೆ ಸಲ್ಲುವ ಈ ಮಾತು ರಾಷ್ಟ್ರಕ್ಕೂ ಸಲ್ಲುವುದೆಂಬುದಕ್ಕೆ ಫ್ರಾನ್ಸ್ ದೇಶದ ಚರಿತ್ರೆಯಲ್ಲಿ ಒಂದು ನಿದರ್ಶನವುಂಟು.

1870ರಲ್ಲಿ ಪ್ರಷ್ಯದೊಡನೆ ಯುದ್ಧಕ್ಕಿಳಿದ ಫ್ರಾನ್ಸ್ ಪೂರ್ಣವಾಗಿ ಸೋತಿತು. 1871ನೆಯ ಮೇ 10ರಂದು ಫ್ರಾಂಕ್‌ಫರ್ಟಿನಲ್ಲಾದ ಕೌಲಿನಂತೆ ಆ ದೇಶವು ಆಲ್ಸೇಸ್ ಪ್ರಾಂತವನ್ನೂ ಲೊರೇನಿನ ಒಂದು ಭಾಗವನ್ನೂ ಬಿಟ್ಟುಕೊಟ್ಟುದಲ್ಲದೆ, 500 ಕೋಟಿ ಫ್ರಾಂಕುಗಳ ದಂಡವನ್ನು ತೆರಬೇಕಾಯಿತು. ಇದರಲ್ಲಿ 300 ಕೋಟಿಗೆ 1874ರ ಮಾರ್ಚಿಯವರೆಗೆ ಅವಧಿಯಿತ್ತು. ಅದಕ್ಕೆ ಶೇಕಡಾ 5ರ ಬಡ್ಡಿ. ಹಣ ಪೂರ್ತಿ ಸಲ್ಲುವ ತನಕ ಜರ್ಮನ್ ಸೈನ್ಯವು ಪೂರ್ವದ ಜಿಲ್ಲೆಗಳಲ್ಲಿ ಬೀಡುಬಿಟ್ಟಿರತಕ್ಕದ್ದು. ಆ ದಂಡಿನ ಅನ್ನಕ್ಕೂ ಕುದುರೆಗಳ ಮೇವಿಗೂ ತಗಲುವ ವೆಚ್ಚವು ಫ್ರಾನ್ಸಿನದೇ. ಆದುದರಿಂದ ಕಳೆದ ಒಂದೊಂದು ದಿನವೂ ಬಡ್ಡಿಯನ್ನು, ವೆಚ್ಚವನ್ನು, ಅಪಮಾನವನ್ನು ಬೆಳೆಸುತ್ತಿತ್ತು.

ಆಗ ರಾಜ್ಯಭಾರವನ್ನು ವಹಿಸಿದ್ದವನು ಎಪ್ಪತ್ತು ಮೀರಿದ ವೃದ್ಧನಾದ ಅಡೋಲ್ಫ್ ತಿಯೇರ್. ಈತನು 1871ರ ಜೂನಿನಲ್ಲಿ 200 ಕೋಟಿಯನ್ನೂ, ಮರುವರ್ಷ 300 ಕೋಟಿಯನ್ನೂ ಸಾರ್ವಜನಿಕರಿಂದ ಸಾಲವಾಗಿ ಬೇಡಿದನು. ಎರಡನೆಯ ಸಾರಿ ಕೇಳಿದುದರ ಹತ್ತು ಮಡಿಗೂ ಮಿಗಿಲಾದ ಹಣಕ್ಕೆ ಸ್ವದೇಶದವರೂ ಪರದೇಶದ ವರ್ತಕರೂ ರುಜು ಹಾಕಿದರು. ದಂಡದ ಬಹುಭಾಗವು ನಾಣ್ಯದ ಮೂಟೆಗಳಿಂದಲ್ಲ, ಪರದೇಶಗಳ ಮೇಲೆ ಬರೆದ ಹುಂಡಿಗಳಿಂದ ಸಂದಿತು. 1872ರ ಒಪ್ಪಂದವು ಕಡೆಯ ಕಂತಿಗೆ 1875ರವರೆಗೂ ಅವಕಾಶವಿತ್ತಿದ್ದರೂ ಫ್ರಾನ್ಸ್ ಕಾಯಲಿಲ್ಲ. 1873ರ ಸೆಪ್ಟೆಂಬರ್ 5ರಂದು ಕಡೆಯ ಕಂತು ಸಂದಿತು. 16ರಂದು ಕಟ್ಟಕಡೆಯ ಜರ್ಮನ್ ತುಕಡಿಯು ಗಡಿಯನ್ನು ದಾಟಿತು. ತಿಯೇರ್ ಆ ಮೇ ತಿಂಗಳಲ್ಲಿಯೇ ಅಧಿಕಾರವನ್ನು ಬಿಟ್ಟಿದ್ದನಾದರೂ, ನೆಲವನ್ನು ಬಿಡಿಸಿದವನೆಂಬ ಬಿರುದು ಅವನಿಗೇ ನಿಂತಿತು.

ಇದರಿಂದ ಫ್ರಾನ್ಸಿನ ಋಣವೆಲ್ಲ ಅಳಿಯಿತೆಂದು ವಾಚಕರು ಭಾವಿಸಲಾಗದು. ಶತ್ರುವಿನ ಸಾಲವು ಪತ್ರ ಕೊಂಡವರ ಸಾಲವಾಗಿ ಮಾರ್ಪಟ್ಟಿತು. ಅದರ ಬಡ್ಡಿಗಾಗಿ ಪ್ರಜೆಗಳು ಬಹುಕಾಲ ಕಂದಾಯ ತೆತ್ತರು. ಹಾಗಾದರೆ ಲಾಭವೇನು? ಸಾಲಗಳೆಲ್ಲವೂ ಸಮವಲ್ಲ. ಪತ್ರ ಹಿಡಿದವನು ಬಡ್ಡಿಯನ್ನು ಮಾತ್ರ ಕೇಳುವನು. ದಂಡು ಹಿಡಿದವನು ಮನೆಯೊಳಗೆ ಕುಳಿತು ಅನ್ನವನ್ನೂ ಮಾನವನ್ನೂ ಕೇಳುವನು. ಸ್ವಾತಂತ್ರ್ಯವನ್ನು ಅಡವಿಟ್ಟ ಋಣವಾವುದೆಂದು ಅರಿತು, ಅದನ್ನು ಎಲ್ಲಕ್ಕಿಂತ ಮೊದಲು, ಗಡುವನ್ನು ಕಾಯದೆ ಹರಿದುಕೊಳ್ಳುವುದೇ ಜಾಣ್ಮೆ. ಮನೆಯನ್ನಾಗಲಿ ಸಂಸ್ಥೆಯನ್ನಾಗಲಿ ನಡೆಸುವವರು ಮನಸ್ಸಿನಲ್ಲಿಡತಕ್ಕ ಪಾಠವಿದು.