ಮೊದಲ ಸಾಫ್ಟ್‌ವೇರ್ ಕೆಲಸ: ಪ್ಯಾಕೇಜ್ 3.60 ಲಕ್ಷ, ಕೈಗೆ ಬರೋದೆಷ್ಟು?

ಜಮಖಂಡಿ: ಮಗಳಿಗೋ ಮಗನಿಗೋ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕರೆ, ಮುಧೋಳದ ಕಬ್ಬು ಬೆಳೆಗಾರರ ಮನೆಯಾಗಲಿ, ರಬಕವಿ-ಬನಹಟ್ಟಿಯ ನೇಕಾರರ ಮನೆಯಾಗಲಿ, ಮೊದಲ ಪ್ರಶ್ನೆ ಒಂದೇ: ‘ತಿಂಗಳಿಗೆ ಎಷ್ಟ್ ಬರ್ತೈತಿ?’ ಆಫರ್ ಲೆಟರ್‌ನಲ್ಲಿರುವ ಸಿಟಿಸಿಯನ್ನು 12ರಿಂದ ಭಾಗಿಸಿ ಸಾಲದ ಕಂತು ಗೊತ್ತು ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ.

ಲೆಕ್ಕ ಹೀಗಿದೆ
ಸಿಟಿಸಿ 3.60 ಲಕ್ಷ ಅಂದರೆ ತಿಂಗಳಿಗೆ 30,000 ರೂ. ಮೂಲ ವೇತನ 15,000 ರೂ. ಎಂದುಕೊಳ್ಳಿ. ಇದರಲ್ಲಿ ಕಡಿತವಾಗುವುದು:
* ಕಂಪನಿ ಪಾಲಿನ ಪಿಎಫ್ (ಶೇ.12): 1,800 ರೂ.
* ಗ್ರಾಚ್ಯುಟಿ (ಶೇ.4.81): ಸುಮಾರು 720 ರೂ.
* ನೌಕರರ ಪಾಲಿನ ಪಿಎಫ್: 1,800 ರೂ.
* ವೃತ್ತಿ ತೆರಿಗೆ: 200 ರೂ.

ಕೈಗೆ ಬರುವುದು ಸುಮಾರು 25,480 ರೂ. ವೇರಿಯಬಲ್ ಪೇ, ವಿಮೆ ಕಂತು ಸಿಟಿಸಿಯಲ್ಲೇ ಸೇರಿದ್ದರೆ ಇನ್ನೂ ಕಡಿಮೆ.

ಆದಾಯ ತೆರಿಗೆ
2025-26ರ ಹೊಸ ಪದ್ಧತಿಯಲ್ಲಿ 12.75 ಲಕ್ಷ ರೂ.ವರೆಗಿನ ಸಂಬಳಕ್ಕೆ ತೆರಿಗೆ ಇಲ್ಲ. ಹೀಗಾಗಿ ಈ ಸಂಬಳಕ್ಕೆ ಅದರ ಚಿಂತೆ ಬೇಡ.

ಪಿಎಫ್ ದುಡ್ಡು ಎಲ್ಲಿಗೂ ಹೋಗಲ್ಲ
ನೌಕರರಿಗೆ 12 ಅಂಕಿಯ ಯುಎಎನ್ ಸಂಖ್ಯೆ ಸಿಗುತ್ತದೆ. ಕಂಪನಿ ಬದಲಾದರೂ ಅದೇ ಸಂಖ್ಯೆ. ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿ. 5 ವರ್ಷದೊಳಗೆ ಹಿಂಪಡೆದರೆ ತೆರಿಗೆ ಬೀಳಬಹುದು.

ಸಹಿಗೆ ಮುನ್ನ
ಬಾಂಡ್ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು, ನೋಟಿಸ್ ಅವಧಿ ಎಷ್ಟು ಎಂಬುದನ್ನು ಓದಿ. ಕೆಲಸ ಕೊಡಲು ‘ಡಿಪಾಸಿಟ್’ ಕೇಳಿದರೆ ಕೊಡಬೇಡಿ. ಶಿಕ್ಷಣ ಸಾಲದ ಕಂತು ಕೋರ್ಸ್ ಮುಗಿದು ಸಾಮಾನ್ಯವಾಗಿ 1 ವರ್ಷಕ್ಕೆ ಶುರುವಾಗುತ್ತದೆ. ಪಿಜಿ ಬಾಡಿಗೆ, ಊಟ, ಊರಿನ ಬಸ್ ಖರ್ಚು ಕಳೆದು ಉಳಿದದ್ದರಲ್ಲೇ ಆ ಕಂತು ಹೊಂದಬೇಕು. ಊರಲ್ಲಿ ಹೊಸ ಸಾಲ ಎತ್ತುವ ಮುನ್ನ ಮೊದಲ ಸ್ಯಾಲರಿ ಸ್ಲಿಪ್ ಕೈಗೆ ಬರಲಿ.